ತಾರಾಸಂತೆಯ ಕರ್ತೃ ಚಹಾಕ್ಕೆ ಬಂದದ್ದು

ಸ್ಕೆಲ್ಬಿ ಎಂಬ ನಮ್ಮೂರು ಎಷ್ಟು ಸಮತಟ್ಟಾಗಿದೆಯೆಂದರೆ ಇಲ್ಲಿ ಯಾರೂ ಯಾರಿಗೂ ಕಾಣದಂತೆ ಏನನ್ನೂ ಮಾಡಲಾಗದು. ಎಷ್ಟು ಮರ್ಯಾದಸ್ಥರ ಊರೆಂದರೆ, ಕಂಡದ್ದನ್ನು ಕಂಡೆ ಎಂದು ಯಾರೂ ಹೇಳರು. ಈ ಎರಡು ಗುಣಗಳ ನಡುವೆ ಡೆಸ್ಮಂಡ್ ಪಿಲ್ಲಿಂಗ್ ಎಂಬ ಬಡಪಾಯಿ ಸಿಕ್ಕಿಕೊಂಡ ಕಥೆಯನ್ನು ಈಗ ಹೇಳುತ್ತೇನೆ. ನಾನು ಊರ ಸಭಾಭವನದಲ್ಲಿ ಗುರುವಾರದ ಚಹಾ ನೋಡಿಕೊಳ್ಳುವ ಪ್ರಾಣಿ. ಚಹಾ ಕೊಡುವವರಿಗೆ ಎಲ್ಲವೂ ಕೇಳಿಸುತ್ತದೆ. ಅವರನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ.

ಡೆಸ್ಮಂಡ್ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು. ಊರಿನ ಮೂಗುಗಳನ್ನೆಲ್ಲ ಬೆರಳಲ್ಲೇ ಬಲ್ಲ. ಸ್ವಭಾವದಲ್ಲಿ ಸಾಧು, ನಡಿಗೆಯಲ್ಲಿ ನಿಧಾನ. ಅವನಿಗೆ ಇದ್ದದ್ದು ಒಂದೇ ಆಸೆ. ಆ ಆಸೆಗೆ ಈಗ ನಲವತ್ತರ ಹತ್ತಿರ ವಯಸ್ಸು.

ಅವನು ಹುಡುಗನಾಗಿದ್ದಾಗ ಒಂದು ಕಂಪ್ಯೂಟರ್ ಆಟ ಬಂದಿತ್ತು. ಅದರ ನಿಜವಾದ ಹೆಸರು ಬಹಳ ಉದ್ದ. ಊರಿನವರು 'ಆ ಆಟ' ಎಂದು ನಿಟ್ಟುಸಿರಿನ ಜೊತೆ ಕರೆಯುತ್ತಿದ್ದರು. ನಾನು ತಾರಾಸಂತೆ ಎನ್ನುತ್ತೇನೆ. ಕಪ್ಪು ಪರದೆ, ಅದರ ಮೇಲೆ ಬಿಳಿ ಗೆರೆಗಳು. ನಿಮಗೊಂದು ಬಡ ಹಡಗು. ಈ ನಕ್ಷತ್ರದಲ್ಲಿ ಗೋಧಿ ತುಂಬಿಕೊಂಡು ಆ ನಕ್ಷತ್ರದಲ್ಲಿ ಮಾರಬೇಕು, ಅಲ್ಲಿಂದ ಯಂತ್ರದ ಬಿಡಿಭಾಗ ತುಂಬಿಕೊಂಡು ಇನ್ನೊಂದಕ್ಕೆ. ದಾರಿಯಲ್ಲಿ ದರೋಡೆಕೋರರು. ಎಲ್ಲ ದಾಟಿ ಬಂದರೆ ಕೊನೆಗೆ ಬುಗುರಿಯಂತೆ ತಿರುಗುವ ಒಂದು ಸಂತೆಕಟ್ಟೆ, ಅದಕ್ಕೊಂದು ಸೀಳುಗಂಡಿ. ಅದರೊಳಗೆ ಹಡಗನ್ನು ತಾನೂ ತಿರುಗಿಸುತ್ತ ನುಗ್ಗಿಸಬೇಕು. ಕೂದಲೆಳೆ ತಪ್ಪಿದರೆ ಗೋಧಿಯೂ ಇಲ್ಲ, ಹಡಗೂ ಇಲ್ಲ, ನೀವೂ ಇಲ್ಲ.

ಹೀಗೆ ಸತ್ತವರು ಸೇರಿ ಒಂದು ಸಂಘ ಕಟ್ಟಿಕೊಂಡರು. ಪ್ರತಿ ಗುರುವಾರ ಸಂಜೆ ಸಭಾಭವನದ ಚಿಕ್ಕ ಕೋಣೆ ಅವರದು. ಹಳೇ ಯಂತ್ರವನ್ನು ಮೇಜಿನ ಮೇಲಿಟ್ಟು, ಕ್ಯಾಸೆಟ್ ಟೇಪಿನಿಂದ ಆಟವನ್ನು ತುಂಬಿಸುತ್ತಾರೆ. ಅದು ತುಂಬಿಕೊಳ್ಳುವಷ್ಟು ಹೊತ್ತೂ ಬೆಕ್ಕಿನ ಬಾಲದ ಮೇಲೆ ಕುರ್ಚಿ ಇಟ್ಟಂಥ ಸದ್ದು. ಆ ಸದ್ದನ್ನು ಅವರು ಕಣ್ಣು ಮುಚ್ಚಿ ಕೇಳುತ್ತಾರೆ. ಬೇರೆಯವರು ದೇವಸ್ತೋತ್ರವನ್ನೂ ಅಷ್ಟು ಭಕ್ತಿಯಿಂದ ಕೇಳಿದ್ದನ್ನು ನಾನು ಕಂಡಿಲ್ಲ.

ಅದನ್ನು ಮಾಡಿದವನು ಎವೆರಾರ್ಡ್ ಹಾಸ್ಕಿನ್. ಮಾಡಿದ, ಹೆಸರಾದ, ಕಾಣೆಯಾದ. ಉಳಿದಿದ್ದು ಹಳೇ ಪತ್ರಿಕೆಯೊಂದರ ಫೋಟೋ: ಗಡ್ಡ, ಭುಜದವರೆಗೆ ಕೂದಲು, ಎಡಗೈಯಲ್ಲಿ ಪೆನ್ಸಿಲು. ಆಟ ಹೊಸ ರೂಪದಲ್ಲಿ ಮತ್ತೆ ಬರುತ್ತದೆ ಎಂಬ ಸುದ್ದಿ ಆಗಾಗ ಏಳುತ್ತಿತ್ತು, ಮಲಗುತ್ತಿತ್ತು. ಒಮ್ಮೆ ಯಾವುದೋ ಕಂಪನಿ ಹಕ್ಕು ಪಡೆಯಿತು ಎಂದರು, ಸಂಘದವರು ಹೊಸ ಕಂಪ್ಯೂಟರ್ ತಂದಿಟ್ಟು ಕಾದರು, ಕಂಪನಿಯೇ ಮುಳುಗಿತು. ಇನ್ನೊಮ್ಮೆ ಒಂದು ಚಿತ್ರ ಹೊರಬಿತ್ತು, ಒಂದು ಹಡಗು, ಹಿಂದೆ ನೇರಳೆ ಬಣ್ಣದ ಗ್ರಹ. ಆ ಒಂದು ಚಿತ್ರವನ್ನು ಒಂದು ಚಳಿಗಾಲವಿಡೀ ನೋಡಿದರು.

"ಹಡಗಿನ ಬಾಲದ ಹತ್ರ ಒಂದು ಕೆಂಪು ಚುಕ್ಕೆ ಇದೆ ನೋಡು. ಹೊಸ ಥರದ ಇಂಧನ ಇರ್ಬೇಕು," ಎಂದ ಡೆಸ್ಮಂಡ್.

"ಅದು ನಿನ್ನ ಕನ್ನಡಕದ ಮೇಲಿರೋ ಜ್ಯಾಮು," ಎಂದ ಲೆನ್.

ಈ ಲೆನ್ ಟ್ವೆಲ್ವ್‌ಟ್ರೀಸ್ ಸಂಘದ ಎರಡನೆಯ ಕಂಬ. ಹಗಲೆಲ್ಲ ಲಾರಿಯಲ್ಲಿ ಆಲೂಗಡ್ಡೆ ಸಾಗಿಸಿ, ಸಂಜೆ ಬಂದು ಆಕಾಶದಲ್ಲಿ ಗೋಧಿ ಸಾಗಿಸುತ್ತಿದ್ದ. ಕೆಲಸ ಮುಗಿದ ಮೇಲೂ ಅದೇ ಕೆಲಸವೇ ಎಂದು ಕೇಳಿದರೆ, "ಅಲ್ಲಿ ಟ್ರಾಫಿಕ್ ಇಲ್ಲ," ಎನ್ನುತ್ತಿದ್ದ.

ಸಂಘ ಕರಗುತ್ತ ಬಂತು. ಕೆಲವರು ಊರು ಬಿಟ್ಟರು, ಕೆಲವರಿಗೆ ಮೊಮ್ಮಕ್ಕಳಾದವು, ಕೆಲವರು ಲೋಕವನ್ನೇ ಬಿಟ್ಟರು. ಅವರಲ್ಲೊಬ್ಬ ಆಸ್ಪತ್ರೆಯಲ್ಲಿ ಡೆಸ್ಮಂಡನ ಕೈ ಹಿಡಿದು, "ಅದು ಬಂದ್ರೆ ನನ್ನ ಹೆಸರಲ್ಲೂ ಒಂದು ಸುತ್ತು ಹೋಗ್ಬಾ," ಎಂದನಂತೆ. ಉಳಿದವರನ್ನು ಒಂದು ಮೇಜಿನ ಸುತ್ತ ಕೂರಿಸಿದರೆ ಮೇಜಿನಲ್ಲಿ ಇನ್ನೂ ಜಾಗವಿರುತ್ತಿತ್ತು.

ಇಂಥ ಹೊತ್ತಿನಲ್ಲಿ ಮಿಸ್ ಹೆಪ್‌ವರ್ತ್ ಎಂಬಾಕೆ ನಾಯಿಗಳಿಗೆ ಶಿಸ್ತು ಕಲಿಸುವ ತರಗತಿಗೆ ಗುರುವಾರವೇ ಬೇಕೆಂದು ಭವನದ ಸಮಿತಿಯ ಮುಂದೆ ಬಂದಳು. ಸಮಿತಿಯ ಅಧ್ಯಕ್ಷೆ ಮಿಸೆಸ್ ಆರ್ಮರಾಡ್. ಆಕೆ ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ; ಏರಿಸಬೇಕಾದ ಸಂದರ್ಭವನ್ನು ಯಾರೂ ತಂದಿಲ್ಲ.

"ಡೆಸ್ಮಂಡ್, ಬೇಜಾರು ಮಾಡ್ಕೋಬೇಡಿ," ಎಂದರು ಮಿಸೆಸ್ ಆರ್ಮರಾಡ್. ಈ ಊರಲ್ಲಿ ಯಾರಾದರೂ ಹೀಗೆ ಶುರು ಮಾಡಿದರೆ ಕತ್ತು ಹೋಯಿತೆಂದೇ ಅರ್ಥ. "ನಿಮ್ಮ ಆಟ ತುಂಬ ಚೆನ್ನಾಗಿರಬಹುದು. ಆದ್ರೆ ಅದನ್ನ ಮಾಡಿದೋರೇ ಬಿಟ್ಟುಹೋಗಿದಾರೆ. ನಾಯಿಗಳಾದ್ರೆ ಜೀವಂತ ಇವೆ."

"ನನ್ನ ಹತ್ರ ಹದಿನಾಲ್ಕು ನಾಯಿ ಇವೆ," ಎಂದಳು ಮಿಸ್ ಹೆಪ್‌ವರ್ತ್. "ಅವಕ್ಕೆ ಕೂತ್ಕೋ ಅಂದ್ರೆ ಕೂರೋದು ಗೊತ್ತಿಲ್ಲ."

"ನಮ್ಮೋರಿಗೆ ಏಳೋದು ಗೊತ್ತಿಲ್ಲ," ಎಂದಳು ಡೆಸ್ಮಂಡನ ಹೆಂಡತಿ ಗ್ಲೆನಿಸ್. ಅವಳು ಸಮಿತಿಯ ಕಾರ್ಯದರ್ಶಿ. ಗಂಡನ ಪರವಾಗಿ ಮಾತಾಡಿದಳೋ ವಿರುದ್ಧವೋ ಎಂಬುದು ಕೊನೆಗೂ ತಿಳಿಯಲಿಲ್ಲ.

ಎಲ್ಲರೂ ಮೆಲ್ಲಗೆ ನಕ್ಕರು. ಆ ನಗುವೇ ಎಲ್ಲಕ್ಕೂ ಮೂಲ. ಅವತ್ತು ಬೆಳಿಗ್ಗೆ ಡೆಸ್ಮಂಡ್, ಆಟದ ಹಕ್ಕು ಈಗ ಯಾರ ಬಳಿ ಇದೆಯೋ ಅವರಿಗೆ ಮಿಂಚಂಚೆ ಕಳಿಸಿದ್ದ. ಕಳಿಸಿದ ಕ್ಷಣದಲ್ಲೇ ಉತ್ತರ ಬಂದಿತ್ತು: ನಿಮ್ಮ ಆಸಕ್ತಿ ನಮಗೆ ಅಮೂಲ್ಯ, ಶೀಘ್ರದಲ್ಲೇ ಸಂಪರ್ಕಿಸುತ್ತೇವೆ. ಯಂತ್ರ ತಾನಾಗಿ ಕೊಡುವ ಉತ್ತರ ಅದು. ಕಸ ಒಯ್ಯುವವರಿಗೆ ಬರೆದರೂ ಬರುತ್ತದೆ. ಆದರೆ ನಲವತ್ತು ವರ್ಷ ಕಾದವನಿಗೆ ಉತ್ತರ ಬಂದ ವೇಗವೇ ವಾತ್ಸಲ್ಯದಂತೆ ಕಂಡಿತ್ತು. ಡೆಸ್ಮಂಡ್ ಎದ್ದು ನಿಂತ. ಅವನ ಕಿವಿ ಕೆಂಪಾಗಿತ್ತು.

"ಬಿಟ್ಟುಹೋಗಿಲ್ಲ," ಎಂದ. "ಅವರೇ ಇಲ್ಲಿಗೆ ಬರ್ತಾರೆ. ಮುಂದಿನ ಗುರುವಾರ. ಎವೆರಾರ್ಡ್ ಹಾಸ್ಕಿನ್. ಆಟ ಮತ್ತೆ ಬರೋದನ್ನ ನಮ್ಮ ಭವನದಲ್ಲೇ ಹೇಳ್ತಾರೆ."

ಸಭೆ ಚಿತ್ರದಲ್ಲಿ ಬರೆದಂತಾಯಿತು. ಲೆನ್ ತನ್ನ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದವನು ಎತ್ತುವುದನ್ನು ಮರೆತ, ಬಿಸ್ಕತ್ತು ಮುಳುಗಿತು.

"ಹಾಗಿದ್ರೆ ಸರಿ," ಎಂದರು ಮಿಸೆಸ್ ಆರ್ಮರಾಡ್. "ಅವರು ಬಂದ್ರೆ ಗುರುವಾರ ನಿಮ್ಮದು. ಬರದಿದ್ರೆ ನಾಯಿಗಳದ್ದು. ಕೇಕ್ ಯಾರು ತರ್ತೀರಿ?"

ಮನೆಗೆ ಹೋಗುವ ದಾರಿಯಲ್ಲಿ ಗ್ಲೆನಿಸ್ ಕೇಳಿದ್ದು ಒಂದೇ: "ಬರ್ತೀನಿ ಅಂದಿದಾರಾ?"

"ಸಂಪರ್ಕಿಸ್ತೀವಿ ಅಂದಿದಾರೆ."

"ಅಯ್ಯೋ ಡೆಸ್ಮಂಡ್," ಎಂದಳು ಗ್ಲೆನಿಸ್. ಮೂವತ್ತು ವರ್ಷದ ಸಂಸಾರದ ಸಾರವೆಲ್ಲ ಆ ಎರಡು ಪದಗಳಲ್ಲಿತ್ತು.

ಗುರುವಾರ ಬಂತು. ಊರಿನ ಅರ್ಧ ಜನ ಭವನದಲ್ಲಿ ನೆರೆದರು. ತಾರಾಸಂತೆಯ ಮೇಲಿನ ಪ್ರೀತಿಯಿಂದಲ್ಲ. ಹೊರಗೆ ಮಳೆ, ಒಳಗೆ ಕೇಕು, ಜೊತೆಗೆ ಒಬ್ಬ ಮನುಷ್ಯನ ಮಾನ ಹೋಗುವುದನ್ನು ಕಣ್ಣಾರೆ ನೋಡುವ ಅವಕಾಶ. ಚಿಕ್ಕ ಕೋಣೆ ಸಾಲದೆ ಯಂತ್ರವನ್ನು ದೊಡ್ಡ ಹಾಲಿಗೆ ತಂದರು. ಕುರ್ಚಿಗಳು ಮುಗಿದವು. ಕಿಟಕಿಯ ಕಟ್ಟೆಯ ಮೇಲೂ ಕುಳಿತರು. ಲೆನ್ ಬಟ್ಟೆಯ ಮೇಲೆ 'ಸ್ವಾಗತ' ಎಂದಷ್ಟೇ ಬರೆದು ತೂಗುಹಾಕಿದ್ದ. ಹೆಸರು ಯಾಕೆ ಬರೆದಿಲ್ಲ ಎಂದರೆ, "ಯಾರು ಬರ್ತಾರೋ ಯಾರಿಗೆ ಗೊತ್ತು," ಎಂದ. ಮಿಸ್ ಹೆಪ್‌ವರ್ತ್ ಒಂದು ನಾಯಿಯನ್ನೂ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದಳು. ಅದು ಕೂರುತ್ತಿರಲಿಲ್ಲ.

ಕಾದರು. ಮೊಟ್ಟೆ ಸ್ಯಾಂಡ್‌ವಿಚ್‌ಗಳ ಅಂಚು ಒಣಗತೊಡಗಿತು. ಡೆಸ್ಮಂಡ್ ಬಾಗಿಲ ಬಳಿ ಟೈ ಸರಿಮಾಡಿಕೊಳ್ಳುತ್ತ ನಿಂತಿದ್ದ. ಯಾರೂ ಏನೂ ಅನ್ನಲಿಲ್ಲ. ಅನ್ನದಿರುವುದರಲ್ಲಿ ನಮ್ಮೂರಿನವರು ಎಷ್ಟು ನುರಿತವರೆಂದರೆ, ಅವರ ಮೌನದ ಎದುರು ಬೈಗುಳವೇ ವಾಸಿ.

ಆಗಲೇ ಹೊರಗೆ ರಸ್ತೆಯಲ್ಲಿ ಒಂದು ಬಸ್ಸು ಕೆಟ್ಟು ನಿಂತಿತು. ಆ ದಿನ ರೈಲುಗಳು ರದ್ದಾಗಿ, ಪ್ರಯಾಣಿಕರನ್ನು ಬಸ್ಸಿನಲ್ಲಿ ಸಾಗಿಸುತ್ತಿದ್ದರು. ಚಾಲಕ, "ಈಗ ಹೊರಡುತ್ತೆ," ಎಂದ. ಹಾಗೆಂದಮೇಲೆ ಇಳಿದರೆ ಅವನನ್ನು ನಂಬಲಿಲ್ಲ ಎಂದಾಗುತ್ತದೆ ಎಂದು ಪ್ರಯಾಣಿಕರೆಲ್ಲ ಕುಳಿತೇ ಇದ್ದರು. ಒಬ್ಬನಿಗೆ ಮಾತ್ರ ಕೂರಲಾಗಲಿಲ್ಲ. ಅವನಿಗೆ ಶೌಚಾಲಯ ಬೇಕಾಗಿತ್ತು, ಅದೂ ತುರ್ತಾಗಿ. ದೀಪ ಉರಿಯುತ್ತಿದ್ದ ಕಟ್ಟಡ ಕಂಡು, ಮಳೆಯಲ್ಲಿ ಓಡಿಬಂದು ಬಾಗಿಲು ತಳ್ಳಿದ.

ಇಡೀ ಹಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು.

ಬಂದವನು ಬೋಳುತಲೆಯ, ದುಂಡುಮುಖದ ಮನುಷ್ಯ. ಕೋಟಿನಿಂದ ನೀರು ಸೋರುತ್ತಿತ್ತು. ಹೊಸ್ತಿಲಲ್ಲೇ ಕಲ್ಲಾಗಿ ನಿಂತ. ಹಿಂದಿರುಗಿ ನೋಡಿದ, ತನ್ನ ಹಿಂದೆ ಯಾರೂ ಇರಲಿಲ್ಲ. ಚಪ್ಪಾಳೆ ತಟ್ಟುತ್ತಿರುವ ಸಭೆಯ ಎದುರು ಶೌಚಾಲಯ ಎಲ್ಲಿದೆ ಎಂದು ಕೇಳುವುದು ಹೇಗೆ? ಸ್ವಲ್ಪ ಬಾಗಿ ವಂದಿಸಿದ. ಬಾಗಿದ್ದಕ್ಕೆ ಬೇರೆ ಕಾರಣವಿತ್ತು ಎಂದು ಆಮೇಲೆ ತಿಳಿಯಿತು.

"ಗಡ್ಡ ಇಲ್ಲ," ಎಂದು ಲೆನ್ ಪಿಸುಗುಟ್ಟಿದ.

"ಬೋಳಿಸಿರ್ತಾರೆ. ಎಷ್ಟು ವರ್ಷ ಆಯ್ತು," ಎಂದ ಡೆಸ್ಮಂಡ್. ಅವನ ಕಣ್ಣಲ್ಲಿ ನೀರು. ಊರಿಗೆಲ್ಲ ಕನ್ನಡಕ ಕೊಟ್ಟವನು ಮುಂದೆ ನಡೆದು ಅಪರಿಚಿತನ ಕೈಯನ್ನು ಎರಡೂ ಕೈಯಲ್ಲಿ ಹಿಡಿದ. "ಬಂದ್ರಲ್ಲ ಸಾರ್. ಕೊನೆಗೂ ಬಂದ್ರಲ್ಲ."

ತಾವು ಯಾರು ಎಂದು ಒಂದು ಮಾತು ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಚಪ್ಪಾಳೆ ತಟ್ಟಿದ ಮೇಲೆ ಹೆಸರು ಕೇಳುವಂಥ ಒರಟರು ನಮ್ಮೂರಲ್ಲಿ ಹುಟ್ಟಿಲ್ಲ.

"ತುಂಬ ಸಂತೋಷ," ಎಂದ ಬಂದವನು. ಆಮೇಲೆ ಡೆಸ್ಮಂಡನ ಕಿವಿಯ ಬಳಿ, "ಕ್ಷಮಿಸಿ, ಇಲ್ಲಿ ಶೌಚಾಲಯ…?"

ಡೆಸ್ಮಂಡ್ ಅವನನ್ನು ಮೆರವಣಿಗೆಯಂತೆ ಕರೆದೊಯ್ದ. ಬಾಗಿಲ ಹೊರಗೆ ಕಾವಲೂ ನಿಂತ. ಒಳಗಿದ್ದವನು ಕೆಲಸ ಮುಗಿಸಿ ಹಾಗೇ ಬಸ್ಸಿಗೆ ಓಡಬೇಕೆಂದಿದ್ದ. ಬಾಗಿಲು ತೆರೆದರೆ, ಎದುರಿಗೇ ನಾನು ಚಹಾ ಹಿಡಿದು, ಗ್ಲೆನಿಸ್ ಕೇಕು ಹಿಡಿದು, ಹಿಂದೆ ಸಾಲಾಗಿ ಜನ. ಇಲ್ಲಿನ ಶಾಸ್ತ್ರ ಸ್ಪಷ್ಟವಾಗಿದೆ: ಒಬ್ಬರ ಶೌಚಾಲಯ ಬಳಸಿದವನು ಅವರ ಚಹಾ ಬೇಡವೆನ್ನುವಂತಿಲ್ಲ. ಅವನು ಕಪ್ಪನ್ನು ತೆಗೆದುಕೊಂಡ. ಅಲ್ಲಿಗೆ ಅವನ ಸ್ವಾತಂತ್ರ್ಯ ಮುಗಿಯಿತು.

ನಡುಹಾಲಿನ ಕುರ್ಚಿಯಲ್ಲಿ ಕೂರಿಸಿ ಅಗ್ರಪೂಜೆ ಮಾಡಿದರು. ಕೇಕಿನ ದೊಡ್ಡ ಹೋಳು ಅವನಿಗೆ. ಮಿಸೆಸ್ ಆರ್ಮರಾಡ್ ತಾವೇ ಸ್ಯಾಂಡ್‌ವಿಚ್ ತಟ್ಟೆ ಹಿಡಿದು ಮುಂದೆ ಬಂದರು. ಅವನ ಮುಖ ನೋಡಿ ಒಮ್ಮೆ ನಿಂತರು. ಏನನ್ನೋ ಹೇಳಲು ಬಾಯಿ ತೆರೆದರು. ಅವನ ಬಾಯಿ ತುಂಬ ಕೇಕು ಇತ್ತು. ಬಾಯಿ ಮುಚ್ಚಿದರು, ತಟ್ಟೆ ಮುಂದಿಟ್ಟರು.

ಡೆಸ್ಮಂಡ್ ಎದುರಿಗೆ ನಿಂತ. ಕಾಗದದಲ್ಲಿ ಬರೆದುಕೊಂಡಿದ್ದ ಸ್ವಾಗತ ಭಾಷಣವನ್ನು ತೆರೆದ, ಓದಲಾಗಲಿಲ್ಲ, ಮಡಿಸಿಟ್ಟ. ಕೊನೆಗೆ ಕೇಳಿದ್ದು ಇಷ್ಟೇ:

"ಮತ್ತೆ ಬರುತ್ತಾ ಸಾರ್, ಆ ಆಟ?"

ಆ ಮನುಷ್ಯ ಸುತ್ತಲೂ ನೋಡಿದ. ಬೆಳ್ಳಿ ಕೂದಲಿನ ಗಂಡಸರು, ಹುಟ್ಟುಹಬ್ಬದ ಮಕ್ಕಳಂತೆ ಕತ್ತು ಚಾಚಿದ್ದಾರೆ. ಯಾವ ಆಟ, ಎಲ್ಲಿಂದ ಬರಬೇಕು, ಅವನಿಗೆ ಒಂದೂ ಗೊತ್ತಿರಲಿಲ್ಲ. ಆದರೆ ಇಲ್ಲ ಎನ್ನುವಷ್ಟು ಕಲ್ಲು ಅವನಲ್ಲ.

"ಬರದೇ ಏನು," ಎಂದ. ಎಲ್ಲರೂ ಇನ್ನೂ ನೋಡುತ್ತಲೇ ಇದ್ದುದರಿಂದ, "ವಸಂತದ ಹೊತ್ತಿಗೆ," ಎಂದೂ ಸೇರಿಸಿದ.

ಎಂಥ ಕೂಗು! ಮುಂದಿನ ಸಾಲಿನ ನಾಯಿ ಬೆಚ್ಚಿಬಿದ್ದು ಮೊದಲ ಸಲ ತಾನಾಗಿ ಕುಳಿತಿತು. ಲೆನ್ ಡೆಸ್ಮಂಡನನ್ನು ಅಪ್ಪಿಕೊಂಡ. ಅಪ್ಪಿಕೊಂಡದ್ದು ಅರಿವಾಗಿ ಇಬ್ಬರೂ ನಾಚಿ, ಬೇರೆ ಬೇರೆ ದಿಕ್ಕಿಗೆ ನೋಡಿದರು.

ಇನ್ನು ಅವನನ್ನು ಯಂತ್ರದ ಮುಂದೆ ಕೂರಿಸದೆ ಬಿಡುತ್ತಾರೆಯೇ? ಕೂರಿಸಿದರು. ಹಡಗು ಹೊರಟಿತು. ಕರ್ತೃವಿನ ಕೈಚಳಕ ನೋಡಲು ಜನ ಒಬ್ಬರ ಹೆಗಲ ಮೇಲೊಬ್ಬರು ಬಾಗಿದರು. ಹಡಗು ಮೊದಲು ಹಿಂದಕ್ಕೆ ಹೋಯಿತು. ಆಮೇಲೆ ತಲೆಕೆಳಗಾಯಿತು. ಆಮೇಲೆ, ದರೋಡೆಕೋರರೂ ಮರುಕಪಟ್ಟು ಬಿಟ್ಟರೇನೋ ಎಂಬಂತೆ, ಹೇಗೋ ಸಂತೆಕಟ್ಟೆಯ ಎದುರಿಗೆ ಬಂದು, ಗಂಡಿಯನ್ನು ಪೂರ್ತಿ ಬಿಟ್ಟು ಪಕ್ಕದ ಗೋಡೆಗೆ ಢಿಕ್ಕಿ ಹೊಡೆದು ಪುಡಿಪುಡಿಯಾಯಿತು.

ಡೆಸ್ಮಂಡನ ಮುಖ ಸುಣ್ಣವಾಯಿತು. ಆಗ ಹಿಂದಿನಿಂದ ಲೆನ್‌ನ ದನಿ ಬಂತು, ಗದ್ಗದ ದನಿ.

"ಅವರಿಗೂ ಆಗಲ್ಲ! ಮಾಡಿದೋರಿಗೇ ಆಗಲ್ಲ! ಇಷ್ಟು ವರ್ಷ ನನಗೊಬ್ಬನಿಗೇ ಆಗಲ್ಲ ಅನ್ಕೊಂಡಿದ್ನಲ್ಲಪ್ಪಾ!"

ಚಪ್ಪಾಳೆ ಮುಗಿಲು ಮುಟ್ಟಿತು. ಇದಕ್ಕಿಂತ ದೊಡ್ಡ ವಿನಯವನ್ನು ಯಾವ ಮಹಾತ್ಮನಲ್ಲಿಯೂ ಕಂಡಿಲ್ಲ ಎಂದು ಪಕ್ಕದೂರಿನಿಂದ ಬಂದಿದ್ದ ವಾರಪತ್ರಿಕೆಯವನು ಬರೆದುಕೊಂಡ. ಮಿಸೆಸ್ ಆರ್ಮರಾಡ್ ಎದ್ದು, ಬಂದವನನ್ನು ಮತ್ತೊಮ್ಮೆ ದಿಟ್ಟಿಸಿ, ಗಂಟಲು ಸರಿಮಾಡಿಕೊಂಡು, "ಗುರುವಾರ ಸಂಘದ್ದು," ಎಂದು ಸಾರಿದರು. ಮಿಸ್ ಹೆಪ್‌ವರ್ತ್ ನಾಯಿಯನ್ನು ಎಬ್ಬಿಸಲು ನೋಡಿದಳು. ಅದು ಏಳಲಿಲ್ಲ.

ಇಷ್ಟರಲ್ಲಿ ಬಸ್ಸು ಹೋಗಿಬಿಟ್ಟಿತ್ತು. ಡೆಸ್ಮಂಡ್ ತನ್ನ ಕಾರಿನಲ್ಲಿ ಬಿಟ್ಟುಬರುತ್ತೇನೆಂದ. ಉಳಿದ ಕೇಕನ್ನು ಅತಿಥಿಗೆ ಕಟ್ಟಿಕೊಟ್ಟಿದ್ದರಿಂದ, ಅದು ಬೀಳದಂತೆ ಹಿಡಿದುಕೊಳ್ಳಲು ನಾನು ಹಿಂದಿನ ಸೀಟಿನಲ್ಲಿ ಕುಳಿತೆ. ಹೊಲಗಳು ಕಳೆದವು, ಕಾಲುವೆ ಕಳೆಯಿತು, ಇನ್ನಷ್ಟು ಹೊಲಗಳು ಬಂದವು. ಡೆಸ್ಮಂಡ್ ಆಟದ ಪ್ರತಿ ನಕ್ಷತ್ರದ ಧಾನ್ಯದ ದರ ಹೇಳುತ್ತಲೇ ಇದ್ದ. ಅತಿಥಿ ಕೆಮ್ಮಿದ.

"ಒಂದು ಮಾತು. ಹೇಳೋಕೆ ಸ್ವಲ್ಪ ಸಂಕೋಚ."

"ಹೇಳಿ ಸಾರ್."

"ನಾನು ಕಾರ್ಪೆಟ್ ಮಾರ್ತೀನಿ."

"ಈಗ ಕಾರ್ಪೆಟ್ ಮಾರ್ತೀರಾ? ಆಟ ಬಿಟ್ಟಮೇಲೆ?" ಎಂದ ಡೆಸ್ಮಂಡ್. ಮುಳುಗುವವನು ಹುಲ್ಲುಕಡ್ಡಿ ಹಿಡಿದ ದನಿ.

"ಮೊದಲಿಂದ್ಲೂ. ನನ್ನ ಹೆಸರು ಗಾರ್ಡನ್ ಬ್ಲೈದ್. ಅಕ್ಕನ ಮನೆಗೆ ಹೊರಟಿದ್ದೆ. ಬಸ್ಸು ಕೆಟ್ಟಿತು. ನನಗೆ ಬೇಕಾಗಿದ್ದು…" ಮುಂದೆ ಹೇಳಲಾಗದೆ ಕೈ ಆಡಿಸಿದ.

"ಮತ್ತೆ ಮೊದಲೇ ಯಾಕ್ರೀ ಹೇಳ್ಲಿಲ್ಲ?"

"ಯಾವಾಗ ಹೇಳ್ಲಿ ನೀವೇ ಹೇಳಿ. ಒಳಗೆ ಬಂದ ತಕ್ಷಣ ಚಪ್ಪಾಳೆ. ಆಮೇಲೆ ಅವಸರ. ಆಮೇಲೆ ಚಹಾ. ಆಮೇಲೆ ಬಾಯ್ತುಂಬ ಕೇಕು. ಅಷ್ಟು ಒಳ್ಳೇ ಕೇಕು ತಿನ್ತಾ ನಾನು ಅವನಲ್ಲ ಅನ್ನೋದು ಸರೀನಾ?"

ಡೆಸ್ಮಂಡ್ ಆಲೋಚಿಸಿದ. "ಸರಿಯಲ್ಲ," ಎಂದು ಒಪ್ಪಿದ. "ಆದ್ರೆ ವಸಂತಕ್ಕೆ ಬರುತ್ತೆ ಅಂದ್ರಲ್ಲ?"

"ನಮ್ಮಂಗಡೀಲಿ ಯಾವ ಕಾರ್ಪೆಟ್ ಇಲ್ಲದಿದ್ರೂ ವಸಂತಕ್ಕೆ ಬರುತ್ತೆ ಅಂತ್ಲೇ ಹೇಳೋದು. ಬಾಯಿಗೆ ಬಂದುಬಿಡ್ತು. ದಯವಿಟ್ಟು ಕ್ಷಮಿಸಿ."

"ಅಯ್ಯೋ, ನೀವು ಕ್ಷಮಿಸಿ, ಶೌಚಾಲಯದ ಬಾಗಿಲಲ್ಲಿ ಕಾವಲು ನಿಂತಿದ್ದೆ."

"ಛೆ ಛೆ, ಅದೇನು ದೊಡ್ಡದು, ನೀವು ಕ್ಷಮಿಸಿ."

ಹೀಗೆ ಅಕ್ಕನ ಮನೆ ಬರುವವರೆಗೂ ಇಬ್ಬರೂ ಒಬ್ಬರನ್ನೊಬ್ಬರು ಕ್ಷಮಿಸಿದರು. ವಾಪಸ್ಸು ಬರುವಾಗ ಡೆಸ್ಮಂಡ್ ಯಾವ ನಕ್ಷತ್ರದ ಧಾನ್ಯದ ದರವನ್ನೂ ಹೇಳಲಿಲ್ಲ.

ನಿಜವನ್ನು ಮರುದಿನವೇ ಹೇಳಬೇಕೆಂದಿದ್ದ. ಆದರೆ ಮರುದಿನ ವಾರಪತ್ರಿಕೆ ಬಂತು. ಮೊದಲ ಪುಟದಲ್ಲಿ 'ಆಕಾಶದ ವರ್ತಕ ಸ್ಕೆಲ್ಬಿಯಲ್ಲಿ' ಎಂಬ ತಲೆಬರಹ, ಕೆಳಗೆ ಚಹಾ ಕಪ್ಪಿನ ಹಿಂದೆ ಅಡಗಿದ ಒಂದು ಬೋಳುತಲೆ. ಸುದ್ದಿ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಇನ್ನೆಲ್ಲಿಗೋ ಹಾರಿತು. ಮುಂದಿನ ಗುರುವಾರ ವೇಲ್ಸಿನಿಂದ ಒಂದು ಬಸ್ಸು ತುಂಬ ಭಕ್ತರು ಬಂದರು, ಎಲ್ಲರೂ ಡೆಸ್ಮಂಡನ ವಯಸ್ಸಿನವರು, ಎಲ್ಲರ ಕೋಟೂ ಒಂದೇ ಬಣ್ಣ. ಕುರ್ಚಿಯನ್ನು ಮುಟ್ಟಿದರು. ಹಡಗು ಒಡೆದ ಗೋಡೆ ಯಾವುದೆಂದು ಪರದೆಯಲ್ಲಿ ತೋರಿಸಿಕೊಂಡರು. ಒಬ್ಬರು ನನ್ನ ಬಳಿ ಬಂದು, "ಅವರು ಕುಡಿದ ಕಪ್ಪು…?" ಎಂದರು. ತೊಳೆದೆ ಎಂದೆ. ಅವರು ನನ್ನನ್ನು ನೋಡಿದ ನೋಟವನ್ನು ಈ ಜನ್ಮದಲ್ಲಿ ಮರೆಯಲಾರೆ.

"ವಸಂತ ಅಂದ್ರೆ ಯಾವ ತಿಂಗಳು?" ಎಂದು ಅವರೆಲ್ಲ ಡೆಸ್ಮಂಡನನ್ನು ಕೇಳಿದರು. "ನೀವೇ ಅಲ್ವಾ ಕರೆಸಿದ್ದು? ನಿಮಗೆ ಹೇಳಿರ್ತಾರೆ."

ಡೆಸ್ಮಂಡ್ ಊಟ ಬಿಟ್ಟ. ಅಂಗಡಿಯಲ್ಲಿ ಒಬ್ಬ ಮುದುಕಿಗೆ ಗಂಡನ ಕನ್ನಡಕ, ಗಂಡನಿಗೆ ಮುದುಕಿಯ ಕನ್ನಡಕ ಕೊಟ್ಟು ಕಳಿಸಿದ. ಅವರು ಅದನ್ನು ಹಾಕಿಕೊಂಡೇ ಓಡಾಡಿದರು; ದೂರಲು ಸಂಕೋಚ.

ಕೊನೆಗೆ ಹೆಂಡತಿಗೆ ನಿಜ ಹೇಳಿದ. "ಸಮಿತಿ ಮುಂದೆ ಹೇಳ್ಬಿಡು," ಎಂದಳು ಗ್ಲೆನಿಸ್.

"ಹೇಳಿದ್ರೆ ಗುರುವಾರ ಹೋಗುತ್ತೆ ಕಣೇ. ಲೆನ್ ಎಲ್ಲಿಗೆ ಹೋಗ್ತಾನೆ? ನಾನು ಎಲ್ಲಿಗೆ ಹೋಗ್ಲಿ?"

"ಹೇಳದಿದ್ರೆ ನಿನ್ನ ನಿದ್ದೆ ಹೋಗುತ್ತೆ. ಜೊತೇಲಿ ನನ್ನದೂ. ನಿನ್ನ ಗುರುವಾರಕ್ಕೋಸ್ಕರ ನನ್ನ ವಾರದ ಏಳೂ ದಿನ ಕೊಡೋಕಾಗಲ್ಲ."

ಸಮಿತಿ ಸೇರಿತು. ಡೆಸ್ಮಂಡ್ ಎದ್ದ. "ನಾನೊಂದು ವಿಷಯ ಹೇಳ್ಬೇಕು."

"ಮೊದಲು ಸೋರುವ ನಲ್ಲಿ," ಎಂದರು ಮಿಸೆಸ್ ಆರ್ಮರಾಡ್. ಎಲ್ಲರೂ ನಲ್ಲಿಯನ್ನು ಚರ್ಚಿಸಿದರು. ಡೆಸ್ಮಂಡ್ ಮತ್ತೆ ಎದ್ದ. "ಆಮೇಲೆ ಪರದೆ ಬಟ್ಟೆ." ಪರದೆಯ ಬಣ್ಣದ ಮೇಲೆ ಮಾತು ಬೆಳೆಯಿತು. ಡೆಸ್ಮಂಡ್ ನಿಂತೇ ಇದ್ದ. "ಪಿಯಾನೋ ಕಾಲಿನ ಕೆಳಗೆ ಇಟ್ಟಿರೋ ಇಟ್ಟಿಗೆ ಯಾರದ್ದು ಅನ್ನೋದೂ ಇದೆ," ಎಂದು ಲೆನ್ ಎಂದೂ ತೋರದ ಆಸಕ್ತಿ ತೋರಿದ. ಇಡೀ ಸಭೆ ಡೆಸ್ಮಂಡನ ಬಾಯಿ ತೆರೆಯದಂತೆ ಇಟ್ಟಿಗೆಯನ್ನು ಅಡ್ಡ ಹಿಡಿದಂತಿತ್ತು.

"ಅವರು ಹಾಸ್ಕಿನ್ ಅಲ್ಲ!" ಎಂದು ಡೆಸ್ಮಂಡ್ ಕಿರುಚಿದ. "ಕಾರ್ಪೆಟ್ ಅಂಗಡಿಯವರು! ಶೌಚಾಲಯಕ್ಕೆ ಬಂದಿದ್ದರು!"

ಯಾರೂ ಬೆಚ್ಚಲಿಲ್ಲ. ಕೆಲವರು ನೆಲ ನೋಡಿದರು, ಕೆಲವರು ಕಿಟಕಿ ನೋಡಿದರು. ಮಿಸೆಸ್ ಆರ್ಮರಾಡ್ ಪೆನ್ನನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಗೊತ್ತು ಡೆಸ್ಮಂಡ್. ನನ್ನ ಮೆಟ್ಟಿಲಿಗೆ ಕಾರ್ಪೆಟ್ ಹಾಸಿದ್ದು ಅವರೇ. ಬ್ಲೈದ್ ಅಂತ. ಒಳ್ಳೇ ಕೆಲಸ."

"ಗೊತ್ತಿತ್ತಾ? ಮತ್ತೆ ಅವತ್ತು…?"

"ಅವರು ತಿನ್ತಾ ಇದ್ರು."

ಡೆಸ್ಮಂಡ್ ಲೆನ್ ಕಡೆ ತಿರುಗಿದ. ಲೆನ್ ಟೋಪಿಯನ್ನು ಬಿಚ್ಚಿ ಅದರೊಳಗೆ ನೋಡುತ್ತಿದ್ದ. "ಫೋಟೋದಲ್ಲಿರೋನು ಎಡಗೈಯೋನು ಮಾರಾಯ. ಇವರು ಬಲಗೈಲಿ ಕಪ್ಪು ಹಿಡಿದಾಗ್ಲೇ ಗೊತ್ತಾಯ್ತು."

"ಮತ್ತೆ ಯಾಕೋ ಅತ್ತೆ ನೀನು! ಅಳ್ತಾ ಇದ್ದೆ!"

"ಅಳು ಬಂತು, ಅತ್ತೆ. ಒಬ್ಬ ಮನುಷ್ಯ ನನ್ನಷ್ಟೇ ಕೆಟ್ಟದಾಗಿ ಹಡಗು ಓಡಿಸೋದನ್ನ ನೋಡಿದ್ದೇ ಮೊದಲ ಸಲ. ಅವನು ಯಾರಾದ್ರೇನು."

ಮಿಸ್ ಹೆಪ್‌ವರ್ತ್ ಕುರ್ಚಿಯಿಂದ ಜಿಗಿದಳು. "ಹಾಗಾದ್ರೆ ಗುರುವಾರ ನಾಯಿಗಳದ್ದು! ಅವರು ಬಂದ್ರೆ ಅಂತಿತ್ತು. ಅವರು ಬರ್ಲೇ ಇಲ್ಲ."

ಮಿಸೆಸ್ ಆರ್ಮರಾಡ್ ಆಕೆಯ ಕಡೆ ನೋಡಿದರು. ಈ ಸಮಿತಿಯ ಚರಿತ್ರೆಯಲ್ಲಿ ಇಂಥ ನ್ಯಾಯತೀರ್ಮಾನ ಹಿಂದೆ ಆಗಿಲ್ಲ, ಮುಂದೆ ಆಗುವಂತಿಲ್ಲ.

"ಆತ ಹಾಸ್ಕಿನ್ ಅಲ್ಲ ಅಂತ ತಿಳಿದೇ ಗುರುವಾರ ಕೊಟ್ಟಿದ್ದು ನಾನು," ಎಂದರು. "ಅಂದಮೇಲೆ ಅಲ್ಲ ಅಂತ ಈಗ ಗೊತ್ತಾಗಿದ್ರಿಂದ ಏನು ಬದಲಾಗುತ್ತೆ? ಅವತ್ತು ಕುರ್ಚಿ ಸಾಲಲಿಲ್ಲ, ನೋಡಿದ್ರಾ? ಈ ಭವನದಲ್ಲಿ ಕುರ್ಚಿ ಸಾಲದೇ ಹೋದದ್ದು ಪಟ್ಟಾಭಿಷೇಕದ ಟೀವಿ ಇಟ್ಟಾಗ. ಅದೂ ಹೊಸ ರಾಜರದ್ದಲ್ಲ, ಹಿಂದಿನ ರಾಣಿಯವರದ್ದು. ನಾನಾಗ ಅಮ್ಮನ ತೊಡೆ ಮೇಲೆ ಕೂತಿದ್ದೆ. ನಾಯಿಗಳಿಗೆ ಮಂಗಳವಾರ ಕೊಡೋಣ. ಅವಕ್ಕೆ ವಾರ ಯಾವುದು ಅಂತ ಗೊತ್ತಾಗಲ್ಲ. ಗ್ಲೆನಿಸ್, ಬರ್ಕೊಳ್ಳಿ."

ಗ್ಲೆನಿಸ್ ಬರೆದುಕೊಂಡಳು. ಡೆಸ್ಮಂಡ್ ಕುಳಿತ. ಅವನಿಗೆ ಸಂತೋಷವಾಗಬೇಕಿತ್ತು. ಆದರೆ ಆ ಮುಖದಲ್ಲಿದ್ದದ್ದು ಆಯಾಸ ಮಾತ್ರ, ಬಹಳ ದೂರ ಹೊತ್ತು ತಂದದ್ದನ್ನು ಇಳಿಸಿದವನ ಆಯಾಸ. ಕೋಣೆ ಉಳಿದಿತ್ತು. ಕೋಣೆಯೊಳಗೆ ಇಷ್ಟು ವರ್ಷ ಕಾದುಕೊಂಡು ಕೂತಿದ್ದ ಆಸೆ ಮಾತ್ರ ಎದ್ದು ಹೋದಂತಿತ್ತು.

ಮುಂದಿನ ಗುರುವಾರ ಅವನು ಬರುವುದಿಲ್ಲವೇನೋ ಎಂದುಕೊಂಡೆ. ಬಂದ. ಯಂತ್ರವನ್ನು ಮೇಜಿನ ಮೇಲಿಟ್ಟ, ಟೇಪು ಹಾಕಿದ, ಸದ್ದು ಶುರುವಾಯಿತು, ಕಣ್ಣು ಮುಚ್ಚಲಿಲ್ಲ. ವೇಲ್ಸಿನವರ ಪ್ರಶ್ನೆಗಳಿಗೆ ಉತ್ತರವಾಗಿ ನಿಜವನ್ನೇ ಬರೆದು ಕಳಿಸಿದ್ದ. ಅವರು, "ತಿಳಿಸಿದ್ದಕ್ಕೆ ಧನ್ಯವಾದ, ಆದರೂ ಆ ಸಂಜೆ ಬಹಳ ಚೆನ್ನಾಗಿತ್ತು," ಎಂದು ಬರೆದಿದ್ದರು.

ಬಾಗಿಲು ತೆರೆಯಿತು. ಗಾರ್ಡನ್ ಬ್ಲೈದ್. ಬಸ್ಸು ಕೆಟ್ಟಿರಲಿಲ್ಲ, ರೈಲು ರದ್ದಾಗಿರಲಿಲ್ಲ, ಮಳೆಯೂ ಇರಲಿಲ್ಲ.

"ಇಲ್ಲೇ ಹೋಗ್ತಾ ಇದ್ದೆ," ಎಂದರು. ರೈಲು ಓಡುವ ದಿನ ನಮ್ಮೂರಿನ ಮೂಲಕ ಯಾರೂ ಎಲ್ಲಿಗೂ ಹೋಗುವುದಿಲ್ಲ. ಆದರೆ ಯಾರೂ ಕೇಳಲಿಲ್ಲ. ಲೆನ್ ಸರಿದು ಜಾಗ ಕೊಟ್ಟ.

ಬ್ಲೈದ್ ಆಡಿದರು. ಸತ್ತರು. ಮತ್ತೆ ಆಡಿದರು, ಮತ್ತೆ ಸತ್ತರು. ಲೆನ್ ಸತ್ತ. ಚಹಾ ಆಯಿತು. ಹೊರಡುವ ಹೊತ್ತಿಗೆ ಬ್ಲೈದ್ ಕೋಟು ಹಾಕಿಕೊಂಡು, ಹೋಗದೆ, ಗುಂಡಿ ಹಾಕುತ್ತ ಬಿಚ್ಚುತ್ತ ನಿಂತರು. ಕೊನೆಗೆ ಡೆಸ್ಮಂಡನ ಹತ್ತಿರ ಬಾಗಿ, ಯಾರಿಗೂ ಕೇಳಿಸದಂತೆ, ಚಹಾ ಕೊಡುವವರಿಗೆ ಮಾತ್ರ ಕೇಳಿಸುವಂತೆ ಕೇಳಿದರು:

"ಅಲ್ಲ, ನಿಜವಾಗಿ ಹೇಳಿ. ಅದು ಮತ್ತೆ ಬರುತ್ತಾ?"

ಡೆಸ್ಮಂಡ್ ಅವರ ಮುಖ ನೋಡಿದ. ಕಣ್ಣಿನ ಪರೀಕ್ಷೆಗೆ ಬಂದವರನ್ನು ನೋಡುವಂತೆ ಬಹಳ ಹೊತ್ತು ನೋಡಿದ. ಇಷ್ಟು ವರ್ಷ ಅವನು ಎಲ್ಲರನ್ನೂ ಕೇಳಿದ ಪ್ರಶ್ನೆ ಅದು. ಅವನನ್ನೇ ಯಾರಾದರೂ ಕೇಳಿದ್ದು, ತಿಳಿದವನೆಂದು ನಂಬಿ ಕೇಳಿದ್ದು, ಇದೇ ಮೊದಲು.

"ಬರುತ್ತೆ ರೀ," ಎಂದ ಡೆಸ್ಮಂಡ್. "ಕೋಟು ಬಿಚ್ಚಿಡಿ. ಕೂತ್ಕೊಳ್ಳಿ."